ದಂತವೈದ್ಯರ ಜಾಲತಾಣ ಹೇಗಿರಬೇಕು?

ಸಣ್ಣ ದಂತ ಚಿಕಿತ್ಸಾಲಯಗಳ ವೈದ್ಯರೂ ಈಗ ಜಾಲತಾಣ ತೆರೆಯುತ್ತಿರುವುದು ಸಂತೋಷದ ವಿಷಯ. ಆದರೆ ಹಲವು ತಾಣಗಳಲ್ಲಿ ನಗುಮುಖದ ಚಿತ್ರಗಳೇ ಪುಟ ತುಂಬಿ, ರೋಗಿಗೆ ಬೇಕಾದ ಮಾತು ಮೂಲೆ ಸೇರಿರುತ್ತದೆ.

ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ದವಡೆ ಹಿಡಿದುಕೊಂಡು ಮೊಬೈಲು ತೆರೆಯುವ ಕಾರ್ಮಿಕನು ಕೇಳುವುದೇನು? ವೈದ್ಯರು ಯಾರು, ಎಲ್ಲಿದ್ದಾರೆ, ಯಾವ ಹೊತ್ತಿಗೆ ಸಿಗುತ್ತಾರೆ, ಖರ್ಚೆಷ್ಟು? ಈ ನಾಲ್ಕಕ್ಕೂ ಮೊದಲ ಪುಟದಲ್ಲಿಯೇ ಉತ್ತರವಿರತಕ್ಕದ್ದು. ಇವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಬಣ್ಣ, ಚಿತ್ರಗಳ ಮಾತು ಆಮೇಲೆ.

ವೈದ್ಯರ ಹೆಸರು, ಪದವಿಗಳೊಡನೆ, ರಾಜ್ಯದಲ್ಲಿ ಪಡೆದ ನೋಂದಣಿ ಸಂಖ್ಯೆಯನ್ನೂ ಕೊಡಬೇಕು. ಫೋನು ಸಂಖ್ಯೆಗೆ ಬೆರಳು ತಾಗಿಸಿದೊಡನೆ ಕರೆ ಹೋಗಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನ. ಚಿತ್ರಗಳು ಹಗುರವಾಗಿದ್ದರೆ ದುರ್ಬಲ ಸಂಪರ್ಕದಲ್ಲಿಯೂ ಪುಟ ಬೇಗ ತೆರೆಯುತ್ತದೆ. ಸಮಯ ಗೊತ್ತುಮಾಡುವ ಅರ್ಜಿಯಲ್ಲಿ ಹೆಸರು, ಫೋನು, ಬೇಕಾದ ಹೊತ್ತು ಇಷ್ಟೇ ಸಾಕು. ರೋಗದ ಚರಿತ್ರೆಯನ್ನು ಅಲ್ಲಿ ಕೇಳಬಾರದು.

ಒಂದು ಪುಟ ತುರ್ತು ಸಲಹೆಗೆ ಮೀಸಲಿರಲಿ. ದೊಡ್ಡವರ ಹಲ್ಲು ಪೆಟ್ಟಿನಿಂದ ಬುಡಸಹಿತ ಕಿತ್ತು ಬಂದರೆ, ಬೇರನ್ನು ಉಜ್ಜದೆ ಹಾಲಿನಲ್ಲಿಟ್ಟು, ಗಂಟೆಯೊಳಗೆ ವೈದ್ಯರಲ್ಲಿಗೆ ಒಯ್ಯಬೇಕೆಂಬುದು ಎಷ್ಟು ಜನರಿಗೆ ಗೊತ್ತು?

ಕೊನೆಯದಾಗಿ ದರದ ಮಾತು. ಹೋಟೆಲಿನಲ್ಲಿ ದರಪಟ್ಟಿ ನೋಡಿಯೇ ಗಿರಾಕಿ ಕೂಡುತ್ತಾನೆ. ಬಾಯಿ ಪರೀಕ್ಷಿಸದೆ ರೂಟ್ ಕೆನಾಲಿಗೆ ಖಚಿತ ದರ ಹೇಳಲಾಗದು, ನಿಜ. ಇಷ್ಟರಿಂದ ಇಷ್ಟರವರೆಗೆ, ಇಷ್ಟು ಭೇಟಿಗಳು ಎಂದು ತಿಳಿಸಬಹುದಲ್ಲವೇ? ಖರ್ಚಿನ ಅಂಜಿಕೆಯಿಂದಲೇ ನಮ್ಮವರು ನೋವು ನುಂಗಿ ದಿನ ದೂಡುತ್ತಾರೆ. ತುಂಬಿಸಿ ಉಳಿಸಬಹುದಾದ ಹಲ್ಲನ್ನು ಕೊನೆಗೆ ಕೀಳಿಸುತ್ತಾರೆ. ಆ ಒಂದು ಸಾಲು ಹಲ್ಲನ್ನು ಉಳಿಸೀತೆಂದು ವೈದ್ಯ ಮಹಾಶಯರಲ್ಲಿ ನಮ್ಮ ಅರಿಕೆ.