ಹುಸಿ ಬೆದರಿಕೆ, ದಿಟವಾದ ಭಯ: ಶಾಲಾ ಸಿಬ್ಬಂದಿಗೆ ಬೇಕಾದ ಸಿದ್ಧತೆ

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರು ಮತ್ತು ಅದರ ಸುತ್ತಲಿನ 60ಕ್ಕೂ ಹೆಚ್ಚು ಶಾಲೆಗಳ ಸಿಬ್ಬಂದಿ ಇ-ಮೇಲ್ ತೆರೆದಾಗ, ಶಾಲೆಯ ಆವರಣದಲ್ಲಿ ಬಾಂಬ್ ಇರಿಸಲಾಗಿದೆ ಎಂಬ ಸಂದೇಶ ಕಾದಿತ್ತು. 2022ರ ಏಪ್ರಿಲ್ 8ರಂದು ನಗರದ ಹಲವು ಶಾಲೆಗಳಿಗೂ, 2025ರ ಜುಲೈ 18ರಂದು ಸುಮಾರು 40 ಶಾಲೆಗಳಿಗೂ ಇಂಥದೇ ಬೆದರಿಕೆ ಬಂದಿತು. ಪ್ರತಿ ಸಲವೂ ಪೊಲೀಸರು ಶೋಧಿಸಿದರು, ಸ್ಫೋಟಕ ಸಿಗಲಿಲ್ಲ. ಬೆದರಿಕೆ ಹುಸಿಯಾಯಿತು. ಆದರೆ ಕೆಲಸ ಬಿಟ್ಟು ಶಾಲೆಯ ಬಾಗಿಲಿಗೆ ಓಡಿಬಂದ ತಾಯಿತಂದೆಯರ ಸಂಕಟ ಹುಸಿಯಾಗಿರಲಿಲ್ಲ.

ಆರೋಗ್ಯದ ಪುಟದಲ್ಲಿ ಬಾಂಬಿನ ಮಾತೇಕೆ ಎಂದು ಓದುಗರು ಕೇಳಬಹುದು. ಭಯವೂ ಒಂದು ರೋಗಕಾರಣ ಎಂಬುದೇ ಉತ್ತರ. ಚರಕಾಚಾರ್ಯರು ಅತಿಸಾರದ ಆರು ಬಗೆಗಳನ್ನು ಹೇಳುವಾಗ ಭಯದಿಂದ ಬರುವ ಅತಿಸಾರವನ್ನು ಪ್ರತ್ಯೇಕವಾಗಿ ಎಣಿಸಿದ್ದಾರೆ. ಜ್ವರದ ಕಾರಣಗಳಲ್ಲಿಯೂ ಭಯ, ಶೋಕ, ಕ್ರೋಧಗಳಿಗೆ ಸ್ಥಾನವಿದೆ. ಪರೀಕ್ಷೆಯ ದಿನ ಮಗುವಿನ ಹೊಟ್ಟೆ ಕೆಡುವುದನ್ನು ಕಂಡ ಯಾವ ತಾಯಿಗೂ ಇದು ಹೊಸದಲ್ಲ. ಭಯಜ ಅತಿಸಾರಕ್ಕೆ ಆಚಾರ್ಯರು ಹೇಳುವ ಚಿಕಿತ್ಸೆಯೂ ಗಮನಾರ್ಹವಾದುದು: ವಾತವನ್ನು ಶಮನಗೊಳಿಸುವ ಉಪಚಾರದ ಜೊತೆಗೆ ಹರ್ಷಣ ಮತ್ತು ಆಶ್ವಾಸನ, ಅಂದರೆ ಮನಸ್ಸಿಗೆ ಗೆಲವು ತರುವುದು ಮತ್ತು ಧೈರ್ಯ ಹೇಳುವುದು. ಶಾಲೆಯಲ್ಲಿ ಈ ಔಷಧವನ್ನು ಕೊಡಬೇಕಾದವರು ವೈದ್ಯರಲ್ಲ, ಶಿಕ್ಷಕರು. ಮಗು ಮೊದಲು ನೋಡುವುದು ಟೀಚರ್ ಮುಖವನ್ನು. ಆ ಮುಖ ಬಿಳುಚಿದರೆ ಇಡೀ ತರಗತಿ ನಡುಗುತ್ತದೆ. ಮುಂದೇನು ಮಾಡಬೇಕೆಂದು ಮೊದಲೇ ಬಲ್ಲವರ ಮುಖ ಸುಲಭವಾಗಿ ಬಿಳುಚುವುದಿಲ್ಲ. ಆದುದರಿಂದ ತರಬೇತಿಯನ್ನೂ ಚಿಕಿತ್ಸೆಯ ಒಂದು ಅಂಗವೆಂದೇ ತಿಳಿಯತಕ್ಕದ್ದು.

ನಮ್ಮ ಮಲೆಸೀಮೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ನಗರದಲ್ಲಿ ಬಾಂಬ್ ಪತ್ತೆ ದಳ, ಶ್ವಾನದಳ ಬೇಗನೆ ಬರಬಹುದು. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿಲೋಮೀಟರ್. ಕಳಸಕ್ಕಾದರೋ ಸುಮಾರು 90 ಕಿಲೋಮೀಟರ್ ತಿರುವುಗಳ ಹಾದಿ. ಮಳೆಗಾಲದಲ್ಲಿ ಮರ ಬಿದ್ದರೆ, ಮಣ್ಣು ಜಾರಿದರೆ ಆ ಹಾದಿ ಮತ್ತಷ್ಟು ದೂರವಾಗುತ್ತದೆ. ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಆದಕಾರಣ ಇಲ್ಲಿ ಮೊದಲ ಒಂದೆರಡು ಗಂಟೆಗಳ ಹೊಣೆ ಶಾಲೆಯ ಸಿಬ್ಬಂದಿಯ ಮೇಲೆಯೇ ಬೀಳುತ್ತದೆ.

ಬೆದರಿಕೆ ಬಂದಾಗ

ಬೆದರಿಕೆ ದೂರವಾಣಿಯಲ್ಲಿ ಬಂದರೆ ಕರೆಯನ್ನು ತಾವಾಗಿ ತುಂಡರಿಸಬಾರದು. ಎಲ್ಲಿದೆ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ ಎಂದು ಶಾಂತವಾಗಿ ಕೇಳಬೇಕು. ಹೇಳಿದ ಮಾತುಗಳನ್ನು ಇದ್ದಂತೆಯೇ ಬರೆದುಕೊಂಡು, ವೇಳೆ, ದನಿಯ ರೀತಿ, ಹಿನ್ನೆಲೆಯ ಸದ್ದುಗಳನ್ನೂ ಗುರುತಿಸಬೇಕು. ಇ-ಮೇಲ್ ಆದರೆ ಅಳಿಸಬಾರದು, ಉತ್ತರಿಸಬಾರದು, ವಾಟ್ಸಾಪ್ ಗುಂಪುಗಳಿಗೆ ಹಾಕಬಾರದು. ಕಾಗದವಾದರೆ ಕೈಯಿಂದ ಕೈಗೆ ದಾಟಿಸದೆ ಹಾಗೆಯೇ ಇರಿಸಬೇಕು. ಕೂಡಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ 112ಕ್ಕೆ ಕರೆ ಮಾಡಬೇಕು. ಸಿಗ್ನಲ್ ಇಲ್ಲದ ಊರಿನಲ್ಲಿ ಬೈಕಿನಲ್ಲಿ ಹೋಗಿ ಸುದ್ದಿ ಮುಟ್ಟಿಸುವವರು ಯಾರೆಂದು ಮೊದಲೇ ಗೊತ್ತುಮಾಡಿರಬೇಕು.

ಹುಸಿಯೋ ದಿಟವೋ ಎಂದು ತೀರ್ಮಾನಿಸುವ ಕೆಲಸ ಶಾಲೆಯದಲ್ಲ. ಹಿಂದಿನವೆಲ್ಲ ಹುಸಿಯಾದುವೆಂಬ ಕಾರಣಕ್ಕೆ ಉಪೇಕ್ಷಿಸಲೂ ಬಾರದು. ಸಿಬ್ಬಂದಿಗೆ ತಮ್ಮ ಶಾಲೆಯ ಮೂಲೆಮೂಲೆಯ ಪರಿಚಯವಿರುವುದರಿಂದ, ಎಂದಿನಂತಿಲ್ಲದ ಚೀಲವೋ ಪೆಟ್ಟಿಗೆಯೋ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಕಂಡರೆ ಮುಟ್ಟಬಾರದು, ಸರಿಸಬಾರದು, ನೀರು ಸುರಿಯಬಾರದು. ಅದರ ಬಳಿ ಮೊಬೈಲ್ ಬಳಸಬಾರದು. ಎಲ್ಲರನ್ನೂ ದೂರವಿರಿಸಿ ಪೊಲೀಸರಿಗೆ ತಿಳಿಸಬೇಕು.

ಗುಮಾಸ್ತರು, ಜವಾನರು, ವ್ಯಾನ್ ಚಾಲಕರು, ಬಿಸಿಯೂಟದ ಅಡುಗೆಯವರು ಎಲ್ಲರೂ ತರಬೇತಿಯಲ್ಲಿರಬೇಕು. ಬೆದರಿಕೆಯ ಕರೆಯನ್ನು ಗುಮಾಸ್ತರೇ ಎತ್ತಿಕೊಳ್ಳಬಹುದು. ಗ್ಯಾಸ್ ಒಲೆಯನ್ನು ಆರಿಸಿ ಹೊರಬರಬೇಕಾದವರು ಅಡುಗೆಯವರು.

ಮಕ್ಕಳನ್ನು ಹೊರತರುವಾಗ

“ಮಕ್ಕಳೇ, ಸಾಲಾಗಿ ನಿಲ್ಲಿ. ಮಾತು ಬೇಡ, ಓಟ ಬೇಡ. ನಾನು ನಿಮ್ಮ ಜೊತೆಯಲ್ಲೇ ಬರುತ್ತೇನೆ.” ಶಿಕ್ಷಕರಿಂದ ಇಷ್ಟು ಮಾತು ಸಾಕು. ಬಾಂಬ್ ಎಂಬ ಪದ ಮಕ್ಕಳ ಕಿವಿಗೆ ಬೀಳಬೇಕಿಲ್ಲ. ನೂಕುನುಗ್ಗಲಿನಲ್ಲಿ ಬಿದ್ದು ತುಳಿತಕ್ಕೆ ಸಿಕ್ಕುವ ಅಪಾಯ ಯಾವ ಬೆದರಿಕೆಯಲ್ಲಿಯೂ ಇದ್ದೇ ಇದೆ. ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಹೊರಗೆ ತಲುಪಿದ ಮೇಲೆ ಹೆಸರು ಕೂಗಿ ಎಣಿಸಬೇಕು. ನಡೆಯಲಾರದ ಮಗುವಿಗೆ ಇಂಥವರೇ ನೆರವು ಎಂದು ಮೊದಲೇ ನಿಗದಿಯಾಗಿರಬೇಕು.

ಸೇರುವ ಜಾಗದ ವಿಚಾರದಲ್ಲಿ ನಮ್ಮ ಊರುಗಳಿಗೆ ತಮ್ಮದೇ ಲೆಕ್ಕ ಬೇಕು. ಆಷಾಢದ ಮಳೆಯಲ್ಲಿ ಮಕ್ಕಳನ್ನು ಮೈದಾನದಲ್ಲಿ ಗಂಟೆಗಟ್ಟಲೆ ನಿಲ್ಲಿಸಲಾಗದು. ಕಟ್ಟಡದಿಂದ ಸಾಕಷ್ಟು ದೂರದಲ್ಲಿ ಸಮುದಾಯ ಭವನದಂಥ ಸೂರು ಇರಬೇಕು. ಆ ಜಾಗವನ್ನೂ ಮೊದಲು ಒಬ್ಬರು ಹೋಗಿ ನೋಡಿ ಬರಬೇಕು. ಕಾನೆಗಳು ಓಡಾಡುವ ಮೂಡಿಗೆರೆಯ ಕಡೆ, ಹತ್ತಿರದ ದಾರಿಯೆಂದು ಕಾಫಿ ತೋಟದೊಳಗೆ ಮಕ್ಕಳನ್ನು ನುಗ್ಗಿಸಬಾರದು. ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳ ತಾಯಿತಂದೆಯರು ಕೆಲಸದ ನಡುವೆ ಫೋನಿಗೆ ಸಿಗದಿರಬಹುದು. ಅಂಥ ಮಕ್ಕಳೊಡನೆ ಕೊನೆಯವರೆಗೂ ಒಬ್ಬ ಶಿಕ್ಷಕರು ಇರಬೇಕು. ಪಾಲಕರ ಜೀಪುಗಳು ಕಿರಿದಾದ ರಸ್ತೆಯನ್ನು ಮುಚ್ಚಿದರೆ ಪೊಲೀಸ್ ವಾಹನವೂ ಆಂಬುಲೆನ್ಸೂ ಬರಲಾರವು. ವಾಹನ ಎಲ್ಲಿ ನಿಲ್ಲಬೇಕು, ಮಗುವನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಪಾಲಕರಿಗೆ ವರ್ಷಾರಂಭದಲ್ಲಿಯೇ ತಿಳಿಸಿರಬೇಕು.

ದೇಹದ ಉಪಚಾರ

ಪ್ರಥಮ ಚಿಕಿತ್ಸಾ ಪೆಟ್ಟಿಗೆಯೂ, ಉಬ್ಬಸ, ಅಪಸ್ಮಾರ, ಮಧುಮೇಹವಿರುವ ಮಕ್ಕಳ ಔಷಧಗಳೂ ಮಕ್ಕಳ ಜೊತೆಯಲ್ಲಿಯೇ ಹೊರಬರಬೇಕು. ಭಯದಿಂದ ವೇಗವಾಗಿ ಉಸಿರಾಡುವ ಮಗುವಿಗೆ ಕೈಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಅದನ್ನು ಕೂರಿಸಿ, ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳಿಕೊಡಬೇಕು. ಮೂಗುಬಾಯಿಗೆ ಚೀಲ ಹಿಡಿಯಬಾರದು. ಉಬ್ಬಸದ ಮಗುವಾದರೆ ಮೊದಲು ಅದರ ಇನ್ಹೇಲರ್ ಕೊಡಬೇಕು. ಮೂರ್ಛೆ ಹೋದ ಮಗುವನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು. ಸೆಳವು ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಒಂದು ಮಗು ಕುಸಿದುದನ್ನು ಕಂಡು ಇನ್ನೂ ಹಲವರು ಕುಸಿಯುವುದುಂಟು. ಆದುದರಿಂದ ಅಸ್ವಸ್ಥರನ್ನು ಉಳಿದವರ ಕಣ್ಣಿಗೆ ಬೀಳದ ಕಡೆ ಉಪಚರಿಸುವುದು ಲೇಸು.

ಮನೆಗೆ ಬಂದ ಮಗುವಿಗೆ ಆ ಸಂಜೆ ಬಿಸಿ ಗಂಜಿಯಂಥ ಹಗುರ ಆಹಾರ, ಅಂಗಾಲಿಗೆ ಎಳ್ಳೆಣ್ಣೆ ಸವರುವ ಪಾದಾಭ್ಯಂಗ ಮತ್ತು ಬೇಗನೆ ನಿದ್ರೆ ಹಿತಕರ. ಟಿ.ವಿ.ಯಲ್ಲಿ ಅದೇ ಸುದ್ದಿಯನ್ನು ಮತ್ತೆ ಮತ್ತೆ ತೋರಿಸಬಾರದು. ಮಗು ಕೇಳಿದರೆ ಸುಳ್ಳು ಹೇಳದೆ, “ಯಾರೋ ಹೆದರಿಸಿದ್ದರು, ಪೊಲೀಸರು ಹುಡುಕಿ ನೋಡಿದರು, ಏನೂ ಇರಲಿಲ್ಲ” ಎಂದು ಹೇಳಬೇಕು. ಹಾಸಿಗೆಯಲ್ಲಿ ಮೂತ್ರ, ಹೊಟ್ಟೆನೋವು, ಶಾಲೆಗೆ ಹೋಗಲು ಹಟ ಕೆಲವು ದಿನ ಇರಬಹುದು. ಅದಕ್ಕೆ ಬೈಯಬಾರದು. ಕೆಲವು ವಾರಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಸಲಹೆ ಉಚಿತವಾಗಿ ದೊರೆಯುತ್ತದೆ. ಅಂದು ಧೈರ್ಯ ತೋರಿದ ಶಿಕ್ಷಕರಿಗೂ ವಿಶ್ರಾಂತಿ, ಸಾಂತ್ವನಗಳು ಬೇಕೆಂಬುದನ್ನು ಮರೆಯಬಾರದು.

ಅಭ್ಯಾಸವೇ ಬಲ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಹೊರಡಿಸಿದ ಶಾಲಾ ಸುರಕ್ಷತಾ ಮಾರ್ಗಸೂಚಿಯು ಪ್ರತಿ ಶಾಲೆಗೂ ಸುರಕ್ಷತಾ ಯೋಜನೆ ಮತ್ತು ಅಣಕು ತಾಲೀಮು ಇರಬೇಕೆನ್ನುತ್ತದೆ. ತಾಲೀಮಿಗೆ ಬಾಂಬಿನ ಹೆಸರು ಬೇಕಿಲ್ಲ. ಬೆಂಕಿ ಬಿದ್ದರೂ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಆದಂತೆ ಗುಡ್ಡ ಜರಿದರೂ ಮಕ್ಕಳು ಕಲಿತಿರಬೇಕಾದದ್ದು ಅದೇ ಶಿಸ್ತಿನ ನಡಿಗೆ. ಬೆದರಿಕೆ ಕರೆಯನ್ನು ನಿಭಾಯಿಸುವ ಅಭ್ಯಾಸವನ್ನು ಮಾತ್ರ ಸಿಬ್ಬಂದಿ ಮಕ್ಕಳಿಲ್ಲದ ವೇಳೆಯಲ್ಲಿ, ಸ್ಥಳೀಯ ಪೊಲೀಸರ ನೆರವಿನಿಂದ ಮಾಡಿಕೊಳ್ಳಬೇಕು.

ಸದ್ಭಕ್ತರಲ್ಲಿ ಅನೇಕರು ತಮ್ಮೂರಿನ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿದ್ದೀರಿ. ಕೆಲವರು ವಸತಿನಿಲಯಗಳನ್ನು ನೋಡಿಕೊಳ್ಳುತ್ತಿದ್ದೀರಿ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿರಿ: ಕರೆ ಬಂದರೆ ಬರೆದುಕೊಳ್ಳುವ ಹಾಳೆ ಫೋನಿನ ಬಳಿ ಇದೆಯೇ? ಮಳೆಗಾಲದಲ್ಲಿ ಮಕ್ಕಳು ಸೇರುವ ಸೂರು ಯಾವುದು? ಕೊನೆಯ ತಾಲೀಮು ಯಾವಾಗ ನಡೆಯಿತು? ಮೂರಕ್ಕೂ ತಕ್ಕ ಉತ್ತರ ಸಿಗುವ ತನಕ ಕೇಳುತ್ತಲೇ ಇರಿ.