ಹಳೆಯ ಸಂಪರ್ಕಗಳಿಗೂ ವಿಲೇವಾರಿ ಬೇಕು

ಸರ್ಕಾರಿ ಕಚೇರಿಯಲ್ಲಿ ಪ್ರತಿ ಕಡತಕ್ಕೂ ಇಂತಿಷ್ಟು ವರ್ಷವೆಂಬ ಆಯುಷ್ಯ ನಿಗದಿಯಾಗಿರುತ್ತದೆ. ಅವಧಿ ಮುಗಿದದ್ದು ನಾಶವಾಗಬೇಕು; ಉಳಿಯುವುದು ಸ್ಪಷ್ಟ ಶೀರ್ಷಿಕೆಯೊಂದಿಗೆ ಅಭಿಲೇಖಾಲಯ ಸೇರಬೇಕು. ನಮ್ಮ ಕಂಪ್ಯೂಟರುಗಳೊಳಗೂ ಅಂಥದೊಂದು ದಾಖಲೆ ಸಂಗ್ರಹ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಅದಕ್ಕೆ ಮಾತ್ರ ವಿಲೇವಾರಿಯೇ ಇಲ್ಲ.

ಲ್ಯಾಪ್‌ಟಾಪ್ ತಾನು ಬಳಸಿದ ವೈ-ಫೈ ಜಾಲಗಳ ಹೆಸರನ್ನೂ ಪಾಸ್‌ವರ್ಡನ್ನೂ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ. ನೆಂಟರ ಮನೆ, ಹೋಟೆಲು, ಆಸ್ಪತ್ರೆ ಎಲ್ಲವೂ ಆ ಪಟ್ಟಿಯಲ್ಲಿರುತ್ತವೆ. ಗೂಗಲ್ ಮತ್ತು ರೈಲ್‌ಟೆಲ್ ಜಂಟಿಯಾಗಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಆರಂಭಿಸಿದ ಉಚಿತ ವೈ-ಫೈ ನೂರಾರು ನಿಲ್ದಾಣಗಳಿಗೆ ಹಬ್ಬಿದ ಮೇಲೆ ರೈಲು ನಿಲ್ದಾಣವೂ ಪಟ್ಟಿಗೆ ಸೇರಿತು. ಪಾಸ್‌ವರ್ಡ್ ಕೇಳದ ಮುಕ್ತ ಜಾಲಕ್ಕೆ ತಾನಾಗಿ ಸೇರುವಂತೆ ಗುರುತು ಹಾಕಿದ್ದರೆ, ಅದೇ ಹೆಸರಿನಲ್ಲಿ ಬೇರೊಬ್ಬರು ಜಾಲ ತೆರೆದರೂ ಕಂಪ್ಯೂಟರಿಗೆ ಭೇದ ತಿಳಿಯದು.

ಇನ್ನೊಂದು ಅಪಾಯ ಯಂತ್ರ ಕೈಬದಲಾಯಿಸುವಾಗಿನದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರನ್ನು ಮಾರುವ, ದಾನ ಮಾಡುವ ಯೋಚನೆ ಸಹಜವೇ. ಆದರೆ ಅದನ್ನು ಪಡೆದವರು ಆಡಳಿತಾಧಿಕಾರವುಳ್ಳ ಖಾತೆಯಿಂದ ಒಂದೇ ಸಾಲಿನ ಆದೇಶ ಕೊಟ್ಟು, ಉಳಿದಿರುವ ಪಾಸ್‌ವರ್ಡುಗಳನ್ನು ಓದಬಲ್ಲರು. ನಮ್ಮನ್ನು ನಂಬಿ ಪಾಸ್‌ವರ್ಡ್ ಕೊಟ್ಟವರ ಮನೆಯ ಬೀಗದ ಕೈಯೂ ಹೀಗೆ ಪರಭಾರೆಯಾಗುತ್ತದೆ. ಉಳಿಸಿಕೊಳ್ಳಲು ನಮಗೆ ಖರ್ಚಿಲ್ಲ. ನಷ್ಟ ಮಾತ್ರ ಅನ್ಯರ ಪಾಲಿಗೆ. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚವೆನ್ನುತ್ತದೆ.

ಪರಿಹಾರ ಕಷ್ಟದ್ದಲ್ಲ. ಸೆಟ್ಟಿಂಗ್ಸ್‌ನ ವೈ-ಫೈ ವಿಭಾಗದಲ್ಲಿ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ತೆರೆದು, ಬೇಡದ ಹೆಸರಿನ ಮುಂದೆ 'ಫರ್ಗೆಟ್' ಒತ್ತಿದರೆ ಸಾಕು. ಯಂತ್ರವನ್ನೇ ಕೊಡುವುದಾದರೆ ಎಲ್ಲವನ್ನೂ ಅಳಿಸುವ 'ರೀಸೆಟ್' ಮಾಡಬೇಕು.

ಉಳಿದವಕ್ಕೆ ಅರ್ಥವುಳ್ಳ ಹೆಸರೂ ಬೇಕು. ತಂತಿ ಸಂಪರ್ಕಗಳಿಗೆ ವಿಂಡೋಸ್ 'ನೆಟ್‌ವರ್ಕ್ 2', 'ನೆಟ್‌ವರ್ಕ್ 3' ಎಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ವಿಂಡೋಸ್ 7ರಲ್ಲಿ ಇವನ್ನು ನೇರವಾಗಿ ಬದಲಿಸಬಹುದಿತ್ತು. ನಂತರದ ಪ್ರೊ ಆವೃತ್ತಿಗಳಲ್ಲಿ 'ಲೋಕಲ್ ಸೆಕ್ಯುರಿಟಿ ಪಾಲಿಸಿ'ಯೊಳಗೆ ಹುಡುಕಬೇಕು. 'ಮನೆ', 'ಕಚೇರಿ' ಎಂದು ಬರೆದಿಟ್ಟರೆ ಯಾವುದನ್ನು ಖಾಸಗಿ, ಯಾವುದನ್ನು ಸಾರ್ವಜನಿಕ ಎಂದು ಗುರುತಿಸಬೇಕೆಂಬುದು ತಿಳಿಯುತ್ತದೆ. ಖಾಸಗಿ ಎಂದು ಗುರುತಿಸಿದ ಜಾಲದಲ್ಲಿ ನಮ್ಮ ಕಂಪ್ಯೂಟರು ಇತರ ಯಂತ್ರಗಳಿಗೆ ಗೋಚರಿಸುವುದರಿಂದ ಈ ವಿವೇಚನೆ ಅಗತ್ಯ.

ಮಾರ್ಚ್ ತಿಂಗಳಲ್ಲಿ ಲೆಕ್ಕಪತ್ರ ಮುಗಿಸುವಾಗ ಈ ಪಟ್ಟಿಗೂ ಹತ್ತು ನಿಮಿಷ ಕೊಟ್ಟರೆ, ನಮ್ಮನ್ನು ನಂಬಿದವರ ಋಣವಾದರೂ ಸಂದೀತು.