ಆಕರಕೋಶ ಕಸಿಯ ನಂತರ ದಾನಿಕೋಶಗಳ ಅಳತೆ: ಕೈಮೆರಿಸಂ ಪರೀಕ್ಷೆಯ ವಿಧಾನ ಮತ್ತು ಅರ್ಥ

ರಕ್ತದ ಆಕರಕೋಶಗಳ ಕಸಿ ನಡೆದ ಎರಡರಿಂದ ನಾಲ್ಕು ವಾರಗಳಲ್ಲಿ ರೋಗಿಯ ರಕ್ತದಲ್ಲಿ ಬಿಳಿ ಕಣಗಳು ಸಾಮಾನ್ಯವಾಗಿ ಮತ್ತೆ ಕಾಣಿಸಿಕೊಳ್ಳುತ್ತವೆ. ನ್ಯೂಟ್ರೋಫಿಲ್ ಕಣಗಳ ಸಂಖ್ಯೆ ಪ್ರತಿ ಘನ ಮಿಲಿಮೀಟರಿಗೆ 500ನ್ನು ಮುಟ್ಟಿ ಸತತ ಮೂರು ದಿನ ನಿಂತರೆ ಕಸಿ ಬೇರೂರಿತೆಂದು ಗಣಿಸುವುದು ವೈದ್ಯರ ರೂಢಿ. ಆದರೆ ಈ ಎಣಿಕೆ ರಕ್ತ ಉತ್ಪತ್ತಿಯಾಗುತ್ತಿದೆ ಎಂದಷ್ಟೇ ಹೇಳುತ್ತದೆ. ಅದು ಯಾರ ರಕ್ತ ಎಂಬುದನ್ನು ಹೇಳದು. ದಾನಿಯ ಕೋಶಗಳು ಮಜ್ಜೆಯಲ್ಲಿ ನೆಲೆನಿಂತಿವೆಯೋ, ಚಿಕಿತ್ಸೆಗೆ ಅಳಿಯದೆ ಉಳಿದ ರೋಗಿಯ ಕೋಶಗಳೇ ಮರಳಿ ಚಿಗುರಿವೆಯೋ ಎಂಬುದು ಸೂಕ್ಷ್ಮದರ್ಶಕಕ್ಕೆ ಗೋಚರಿಸುವುದಿಲ್ಲ. ಅದನ್ನು ತಿಳಿಸುವುದು ಕೈಮೆರಿಸಂ ಪರೀಕ್ಷೆ.

ಸಿಂಹ, ಆಡು, ಸರ್ಪಗಳ ಅಂಗಗಳು ಕೂಡಿದ ಗ್ರೀಕ್ ಪುರಾಣದ ಕೈಮೀರಾ ಎಂಬ ಪ್ರಾಣಿಯಿಂದ ಈ ಹೆಸರು ಬಂದಿದೆ. ಅವಳಿ ಕರುಗಳಲ್ಲಿ ಒಂದರ ರಕ್ತಕಣಗಳು ಇನ್ನೊಂದರ ಶರೀರದಲ್ಲಿಯೂ ಇರುವುದನ್ನು ರೇ ಓವೆನ್ 1945ರಲ್ಲಿ ತೋರಿಸಿದರು. ಮನುಷ್ಯರಿಗೆ ಮಜ್ಜೆಯನ್ನು ರಕ್ತನಾಳದ ಮೂಲಕ ನೀಡಿದ ಪ್ರಯತ್ನಗಳನ್ನು ಇ. ಡೊನಾಲ್ ಥಾಮಸ್ ಮತ್ತು ಅವರ ಸಂಗಡಿಗರು 1957ರಲ್ಲಿ ವರದಿ ಮಾಡಿದರು. ಥಾಮಸರಿಗೆ 1990ರ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಆ ದಿನಗಳಲ್ಲಿ ದಾನಿಕೋಶಗಳನ್ನು ಗುರುತಿಸಲು ರಕ್ತದ ಗುಂಪು ಮತ್ತು ಲಿಂಗ ವರ್ಣತಂತುಗಳೇ ಮುಖ್ಯ ಆಧಾರವಾಗಿದ್ದವು. ಅಣ್ಣ ತಮ್ಮನಿಗೆ ದಾನಿಯಾಗಿ, ಇಬ್ಬರ ರಕ್ತದ ಗುಂಪೂ ಒಂದೇ ಆಗಿದ್ದರೆ ಇವೆರಡೂ ನೆರವಾಗುತ್ತಿರಲಿಲ್ಲ.

ಅಪರಾಧ ತನಿಖೆಯಲ್ಲಿ ಬಳಕೆಯಾಗುವ ಡಿ.ಎನ್.ಎ. ಗುರುತುಗಳು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದವು. ಜೀನೋಮಿನ ಕೆಲವು ಸ್ಥಾನಗಳಲ್ಲಿ ಕೆಲವೇ ಅಕ್ಷರಗಳ ಕಿರುಸರಣಿಯೊಂದು ಸಾಲಾಗಿ ಆವೃತ್ತಿಯಾಗಿರುತ್ತದೆ. ಆವೃತ್ತಿಗಳ ಸಂಖ್ಯೆ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ. ಪಿ.ಸಿ.ಆರ್. ವಿಧಾನದಿಂದ ಈ ಭಾಗಗಳ ಪ್ರತಿಗಳನ್ನು ತೆಗೆದು, ಉದ್ದಕ್ಕನುಗುಣವಾಗಿ ಬೇರ್ಪಡಿಸಿದಾಗ ನಕ್ಷೆಯಲ್ಲಿ ಶಿಖರಗಳು ಮೂಡುತ್ತವೆ. ಒಂದು ಸ್ಥಾನದಲ್ಲಿ ದಾನಿಗೆ 12 ಮತ್ತು 15, ರೋಗಿಗೆ 9 ಮತ್ತು 15 ಆವೃತ್ತಿಗಳಿವೆ ಎಂದುಕೊಳ್ಳೋಣ. 15 ಇಬ್ಬರಿಗೂ ಸಮಾನವಾದುದರಿಂದ ಲೆಕ್ಕಕ್ಕೆ ಬಾರದು; 12 ಮತ್ತು 9ರ ಶಿಖರಗಳ ವಿಸ್ತೀರ್ಣದ ಅನುಪಾತವೇ ದಾನಿಯ ಪಾಲನ್ನು ಕೊಡುತ್ತದೆ. ಇಲ್ಲೊಂದು ಮೋಸವೂ ಉಂಟು. ಪ್ರತಿ ತೆಗೆಯುವಾಗ ಒಂದು ಆವೃತ್ತಿ ತಪ್ಪಿ, ನಿಜವಾದ ಶಿಖರದ ಹಿಂದೆ ನೆರಳಿನಂತಹ ಚಿಕ್ಕ ಶಿಖರವೊಂದು ಮೂಡುವುದುಂಟು. ದಾನಿಯದು 12, ರೋಗಿಯದು 11 ಆಗಿದ್ದಲ್ಲಿ ಆ ನೆರಳು ರೋಗಿಯ ಕೋಶಗಳೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆದ್ದರಿಂದ ಹಲವು ಸ್ಥಾನಗಳನ್ನು ಒಟ್ಟಿಗೆ ಪರೀಕ್ಷಿಸಬೇಕಾಗುತ್ತದೆ. ಈ ವಿಧಾನ ನೂರರಲ್ಲಿ ಒಂದರಿಂದ ಐದರಷ್ಟಿರುವ ಕೋಶಗಳನ್ನು ಗುರುತಿಸಬಲ್ಲದು; ನಂತರ ಬಂದ ಪರಿಮಾಣಾತ್ಮಕ ಪಿ.ಸಿ.ಆರ್. ಸಾವಿರದಲ್ಲೊಂದನ್ನೂ ಹಿಡಿಯುತ್ತದೆ.

ಕಸಿಗೆ ಮೊದಲೇ ರೋಗಿಯ ರಕ್ತದ ಮಾದರಿಯನ್ನು ತೆಗೆದಿರಿಸುವುದು ಅನಿವಾರ್ಯ. ಅದು ತಪ್ಪಿದರೆ ಕೆನ್ನೆಯೊಳಗಿನ ಕೋಶಗಳೂ ಪೂರ್ಣ ವಿಶ್ವಾಸಾರ್ಹವಲ್ಲ, ಅವುಗಳೊಂದಿಗೆ ದಾನಿಯ ಬಿಳಿ ಕಣಗಳು ಬೆರೆತಿರುತ್ತವೆ. ಕೂದಲ ಬುಡವನ್ನು ಆಶ್ರಯಿಸಬೇಕಾಗುತ್ತದೆ. ತದ್ರೂಪಿ ಅವಳಿಗಳ ನಡುವಿನ ಕಸಿಯಲ್ಲಿ ಪರೀಕ್ಷೆಗೆ ಅವಕಾಶವೇ ಇಲ್ಲ. ದಕ್ಷಿಣ ಭಾರತದಲ್ಲಿ ಪ್ರಚಲಿತವಾಗಿರುವ ಸೋದರಮಾವ–ಸೊಸೆ ವಿವಾಹಗಳಿಂದ ಜನಿಸಿದ ಒಡಹುಟ್ಟಿದವರಲ್ಲಿ ಸಮಾನ ಗುರುತುಗಳು ಹೆಚ್ಚಿರುವ ಸಂಭವವಿದ್ದು, ಅಂಥಲ್ಲಿ ಹೆಚ್ಚು ಸ್ಥಾನಗಳನ್ನು ಶೋಧಿಸಬೇಕಾದೀತು.

ಅಂಕಿ ದೊರೆತ ಮೇಲೆ ಅದನ್ನು ಅರ್ಥೈಸುವುದೇ ಕಠಿಣವಾದ ಕೆಲಸ. ಇಡೀ ರಕ್ತದ ಡಿ.ಎನ್.ಎ. ಬಹುಪಾಲು ನ್ಯೂಟ್ರೋಫಿಲ್‌ಗಳದು. ಅದು ಶೇಕಡಾ 98 ದಾನಿಯದೆಂದು ತೋರುತ್ತಿರುವಾಗಲೂ ಟಿ-ಕೋಶಗಳಲ್ಲಿ ರೋಗಿಯ ಪಾಲು ಗಣನೀಯವಾಗಿರಬಹುದು. ಕಸಿಯನ್ನು ತಿರಸ್ಕರಿಸುವ ಸಾಮರ್ಥ್ಯ ಮುಖ್ಯವಾಗಿ ಆ ಕೋಶಗಳಿಗೇ ಇದೆ. ಈ ಕಾರಣದಿಂದ ಕೋಶಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಅಳೆಯುವುದು ಲೇಸು. ರಕ್ತಕ್ಯಾನ್ಸರಿನಲ್ಲಿ ರೋಗಿಯ ಪಾಲು ಸತತವಾಗಿ ಏರುವುದು ರೋಗ ಮರುಕಳಿಸುವ ಮುನ್ಸೂಚನೆಯಾಗಬಹುದು. ಆದರೆ ಆ ಕೋಶಗಳು ಕ್ಯಾನ್ಸರಿನವೋ ಆರೋಗ್ಯವಂತವೋ ಎಂಬುದನ್ನು ಈ ಪರೀಕ್ಷೆ ಹೇಳದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಥಲಸ್ಸೀಮಿಯಾದ ಮಾತು ಬೇರೆ. ಇಟಲಿಯ ಪೆಸಾರೊದಲ್ಲಿ ಗುಯಿಡೊ ಲುಕರೆಲ್ಲಿಯವರ ತಂಡ ಚಿಕಿತ್ಸೆ ನೀಡಿದ ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ರೋಗಿಯ ಕೋಶಗಳು ಶೇಕಡಾ 25ನ್ನು ಮೀರಿದಾಗ ಕಸಿಯ ತಿರಸ್ಕಾರ ಬಹುತೇಕ ಖಚಿತವೆಂದು ಕಂಡುಬಂತು. ಅಲ್ಲಿಯೇ, ವರ್ಷಗಳು ಕಳೆದ ಮೇಲೆ ದಾನಿಯ ಪಾಲು ಕೇವಲ 20–30ರಷ್ಟಿದ್ದೂ ರಕ್ತಪೂರಣವಿಲ್ಲದೆ ಬಾಳುತ್ತಿರುವವರೂ ಕಂಡುಬಂದರು. ಕೆಂಪು ಕಣಗಳಲ್ಲಿ ಕೋಶಕೇಂದ್ರವಿಲ್ಲದ್ದರಿಂದ ಡಿ.ಎನ್.ಎ. ಪರೀಕ್ಷೆ ಅಳೆಯುವುದು ಬಿಳಿ ಕಣಗಳನ್ನು. ಥಲಸ್ಸೀಮಿಯಾ ಪೀಡಿತ ಕೆಂಪು ಕಣಗಳ ಪೂರ್ವಕೋಶಗಳು ಬಹುಪಾಲು ಮಜ್ಜೆಯಲ್ಲಿಯೇ ಸಾಯುತ್ತವೆ. ದಾನಿಯವು ಉಳಿದು ಹೊರಬರುತ್ತವೆ. ಹೀಗಾಗಿ ಬಿಳಿ ಕಣಗಳಲ್ಲಿ ಅಲ್ಪಸಂಖ್ಯಾತನಾದ ದಾನಿ ಕೆಂಪು ಕಣಗಳಲ್ಲಿ ಬಹುಸಂಖ್ಯಾತನಾಗುತ್ತಾನೆ.

ಈ ವ್ಯತ್ಯಾಸದ ಅರಿವಿಲ್ಲದೆ ಅಂಕಿಗೆ ಬೆದರಿದರೆ ಆಗುವ ಹಾನಿ ಸಣ್ಣದಲ್ಲ. ದಾನಿಯ ಪಾಲು ಕುಸಿದಾಗ ವೈದ್ಯರ ಮುಂದಿರುವ ಉಪಾಯಗಳು ಎರಡು: ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಇಳಿಸುವುದು, ಇಲ್ಲವೆ ದಾನಿಯ ಲಿಂಫೋಸೈಟುಗಳನ್ನು ಮತ್ತೆ ನೀಡುವುದು. ಎರಡನೆಯದು ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿನಲ್ಲಿ ಫಲಕಾರಿಯೆಂದು ಜರ್ಮನಿಯ ಕೋಲ್ಬ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಎರಡರಲ್ಲಿಯೂ ದಾನಿಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆರಗುವ ಅಪಾಯವಿದೆ. ರಕ್ತಪೂರಣವಿಲ್ಲದೆ ಶಾಲೆಗೆ ಹೋಗುತ್ತಿರುವ ಮಗುವಿನಲ್ಲಿ ದಾನಿಯ ಪಾಲು ಹಲವು ತಿಂಗಳುಗಳಿಂದ 30ರಲ್ಲಿಯೇ ಸ್ಥಿರವಾಗಿ, ಹಿಮೋಗ್ಲೋಬಿನ್ ಕುಂದದಿದ್ದರೆ, ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳದೆ ಪರೀಕ್ಷೆಯನ್ನು ಮುಂದುವರಿಸುತ್ತ ಕಾಯುವುದೇ ಸಾಮಾನ್ಯ ಕ್ರಮ.